ಜ್ವರದ ಹಿಂದಿರುವ ಜೀವಿ ಯಾವುದು?

ಕೇಳುಗರೇ, ನಮಸ್ಕಾರ.

ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ, ಪರಾವಲಂಬಿ, ಇವುಗಳಲ್ಲಿ ಯಾವುದು ಒಳಹೊಕ್ಕರೂ ದೇಹಕ್ಕೆ ಜ್ವರ ಬರಬಹುದು. ಆದ್ದರಿಂದ ಲಕ್ಷಣಗಳನ್ನಷ್ಟೇ ನೋಡಿ ಕಾರಣ ಹೇಳುವುದು ವೈದ್ಯರಿಗೂ ಎಷ್ಟೋ ಸಲ ಕಷ್ಟ. ಆದರೆ ಔಷಧದ ಆಯ್ಕೆ ನಿಂತಿರುವುದು ಒಳಹೊಕ್ಕ ಜೀವಿಯ ರಚನೆಯ ಮೇಲೆ.

ಬ್ಯಾಕ್ಟೀರಿಯಾ ಏಕಕೋಶ ಜೀವಿ. ಅದರಲ್ಲಿ ಬಹುಪಾಲು ನಮಗೆ ಯಾವ ಕೇಡನ್ನೂ ಮಾಡುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅದು ತಾನೇ ಆಹಾರ ಹೀರಿ, ತಾನೇ ಬೆಳೆದು, ತಾನೇ ಎರಡಾಗಿ ಒಡೆಯುತ್ತದೆ. ಕರುಳಿನಲ್ಲಿ ವಾಸಿಸುವ ಇ. ಕೋಲಿ ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ವೈರಸ್ಸಿಗೆ ಈ ಸ್ವಾತಂತ್ರ್ಯವಿಲ್ಲ. ಅದು ನಮ್ಮ ಜೀವಕೋಶದೊಳಗೆ ಸೇರಿ, ಅಲ್ಲಿನ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳಬೇಕು.

ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಗುರುತಿಸಿದ ಪೆನಿಸಿಲಿನ್, ಬ್ಯಾಕ್ಟೀರಿಯಾ ತನ್ನ ಸುತ್ತ ಕಟ್ಟಿಕೊಳ್ಳುವ ಗಟ್ಟಿ ಕೋಶಭಿತ್ತಿಯ ರಚನೆಯನ್ನು ತಡೆಯುತ್ತದೆ; ಭಿತ್ತಿ ದುರ್ಬಲವಾದಾಗ ಜೀವಾಣು ಒಡೆದು ಸಾಯುತ್ತದೆ. ನಮ್ಮ ಕೋಶಗಳಿಗೆ ಅಂಥ ಭಿತ್ತಿಯಿಲ್ಲದ್ದರಿಂದ ಅವು ಉಳಿಯುತ್ತವೆ. ವೈರಸ್ಸಿಗೂ ಅದು ಇಲ್ಲದ್ದರಿಂದ ನೆಗಡಿಗೆ ಪೆನಿಸಿಲಿನ್ ನುಂಗಿ ಫಲವಿಲ್ಲ. ಶಿಲೀಂಧ್ರಕ್ಕೆ ಭಿತ್ತಿ ಇದ್ದರೂ ಅದು ಬೇರೆ ಪದಾರ್ಥದ್ದು. ಆದ್ದರಿಂದ ಶಿಲೀಂಧ್ರದಿಂದ ಬರುವ ಹುಳುಕಡ್ಡಿಗೆ ಬೇರೆ ಮದ್ದು, ಪರಾವಲಂಬಿಯಿಂದ ಬರುವ ಮಲೇರಿಯಾಕ್ಕೆ ಮತ್ತೊಂದು.

ಕಫ ಹಳದಿಯಾದರೆ ಆ್ಯಂಟಿಬಯಾಟಿಕ್, ಅಂದರೆ ಪೆನಿಸಿಲಿನ್‌ನಂತೆ ಬ್ಯಾಕ್ಟೀರಿಯಾವನ್ನು ಮಣಿಸುವ ಔಷಧ, ಬೇಕೇಬೇಕೆಂಬ ನಂಬಿಕೆ ಬಹಳ ಆಳವಾಗಿ ಬೇರೂರಿದೆ. ಆ ಬಣ್ಣ ಬರುವುದು ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಿಂದ, ಮತ್ತು ಅವು ವೈರಸ್ಸಿನ ವಿರುದ್ಧವೂ ಹೋರಾಡುತ್ತವೆ. ಹೀಗಾಗಿ ಬಣ್ಣವೊಂದೇ ಸಾಕ್ಷಿಯಾಗಲಾರದು. ಗಂಟಲುನೋವು ಕೂಡ ಹೆಚ್ಚಿನ ಸಲ ವೈರಸ್ಸಿನದೇ. ಆದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದ ಗಂಟಲು ಸೋಂಕನ್ನು, ಮುಖ್ಯವಾಗಿ ಮಕ್ಕಳಲ್ಲಿ, ಹಾಗೆಯೇ ಬಿಟ್ಟರೆ ಕೆಲವರಿಗೆ ಸಂಧಿವಾತ ಜ್ವರ ಬಂದು ಹೃದಯದ ಕವಾಟಗಳು ಹಾಳಾಗಬಹುದು. ಗಂಟಲಿನ ದ್ರವವನ್ನು ಹತ್ತಿಯ ಕಡ್ಡಿಯಿಂದ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಇದಕ್ಕಾಗಿಯೇ. ಜೀವಾಣುವನ್ನು ಅಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಒಂದೆರಡು ದಿನ ಹಿಡಿಯುತ್ತದೆ. ಬೆಳೆದ ಜೀವಾಣು ಯಾವ ಔಷಧಕ್ಕೆ ಮಣಿಯುತ್ತದೆ ಎಂಬುದನ್ನೂ ಹಾಗೆಯೇ ಪರೀಕ್ಷಿಸಬಹುದು.

ಒಂದು ಸೋಂಕಿನ ಬೆನ್ನಿಗೆ ಇನ್ನೊಂದು ಬರುವುದೂ ಉಂಟು. ಇನ್‌ಫ್ಲುಯೆಂಜಾ ವೈರಸ್ ಶ್ವಾಸಮಾರ್ಗದ ಒಳಪದರವನ್ನು ಹಾಳುಮಾಡಿದ ಮೇಲೆ ಬ್ಯಾಕ್ಟೀರಿಯಾ ಅಲ್ಲಿ ನೆಲೆಯೂರಿ ನ್ಯುಮೋನಿಯಾ ತರಬಹುದು. ಆದ್ದರಿಂದ ಫ್ಲೂ ಇಳಿದು ಚೇತರಿಸಿಕೊಳ್ಳುತ್ತಿದ್ದವರಿಗೆ ಮತ್ತೆ ಜ್ವರವೇರಿ, ಎದೆನೋವು ಅಥವಾ ಏದುಸಿರು ಕಾಣಿಸಿಕೊಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮೊದಲ ಜ್ವರಕ್ಕೆ ಉಪಯೋಗವಿಲ್ಲದಿದ್ದ ಆ್ಯಂಟಿಬಯಾಟಿಕ್ ಈಗ ಪ್ರಾಣ ಉಳಿಸಬಹುದು.