ಮಳೆ ಇಳಿಯಿತು: ಮಡಿಕೇರಿ ಕೈತೋಟದಲ್ಲಿ ಯಾವ ಗಿಡ ಕೀಳಬೇಕು, ಯಾವುದನ್ನು ಉಳಿಸಬೇಕು?

ಮೊದಲು ಈ ತುಳಸಿ ನೋಡಿ. ಕಡ್ಡಿ ಮಾತ್ರ ಇದೆ, ತುದಿಯಲ್ಲಿ ನಾಲ್ಕು ಎಲೆ. ಸೆಪ್ಟೆಂಬರ್ ಬಂತೆಂದರೆ ಮಡಿಕೇರಿಯ ಎಷ್ಟೋ ಅಂಗಳಗಳಲ್ಲಿ ಇದೇ ಕಥೆ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಈಚೆಗೆ ಸುರಿದದ್ದು. ತುಳಸಿಗೆ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಮಳೆಗಾಲದಲ್ಲಿ ಎರಡೂ ಕನಸು.

ಇಂಥ ಗಿಡಕ್ಕೆ ಗೊಬ್ಬರ ಸುರಿದು ಬದುಕಿಸಲು ಹೋಗಬೇಡಿ. ಬೇರು ಕೊಳೆತ ಮೇಲೆ ಗೊಬ್ಬರವನ್ನು ಎಳೆದುಕೊಳ್ಳುವುದು ಯಾವುದು? ಬೇಸಿಗೆಯಲ್ಲೇ ಒಣಗಿದ ತೆನೆ ಉಜ್ಜಿ ಬೀಜ ತೆಗೆದಿಡಿ. ಆಗಸ್ಟ್ ಕೊನೆಗೆ ಜಗಲಿಯಲ್ಲಿ, ಮಳೆ ಎರಚಲು ಬೀಳದ ಕಡೆ, ಟ್ರೇನಲ್ಲಿ ಉದುರಿಸಿ. ಬೀಜ ತುಂಬ ಸಣ್ಣದು, ಮೇಲೆ ಮಣ್ಣು ಮುಚ್ಚುವುದು ಬೇಡ. ಉತ್ಥಾನ ದ್ವಾದಶಿಗೆ ಪೂಜೆಗೊಂದು ಗಿಡ ಆಗುತ್ತದೆ. ಹಳೆಯದನ್ನು ಕೀಳಲು ನಮ್ಮ ಅತ್ತೆಗೆ ಮನಸ್ಸಿಲ್ಲ, ಹಾಗಾಗಿ ಹೊಸ ಸಸಿ ಕಟ್ಟೆಗೆ ಬರುವವರೆಗೂ ಈ ಕಡ್ಡಿ ಇಲ್ಲೇ.

ಈಗ ಬೇಲಿ ಪಕ್ಕ ಬನ್ನಿ. ಇದು ಮದ್ದು ಸೊಪ್ಪು. ಮಳೆ ಹೊಡೆದಷ್ಟೂ ಇದಕ್ಕೆ ಖುಷಿ! ಆಗಸ್ಟ್ 3ಕ್ಕೆ, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನದ ಹಬ್ಬಕ್ಕೆ, ಇದರಲ್ಲಿ 18 ಬಗೆಯ ಮದ್ದಿನ ಗುಣ ಸೇರುತ್ತದೆ ಎಂಬ ನಂಬಿಕೆ. ಬೇಯಿಸಿದ ನೀರು ಕಡು ನೇರಳೆ, ಅದರಲ್ಲೇ ಪಾಯಸ, ಪುಟ್ಟು. ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ, ಹೊಸಬರು ಗಾಬರಿಯಾಗಬೇಡಿ. ಹಬ್ಬಕ್ಕೆ ಎಲ್ಲರೂ ಕೊಯ್ದು ಕೊಯ್ದು ಗಿಡ ಬೋಳಾಗಿದೆ, ಅಲ್ವಾ? ಆದರೆ ಇದನ್ನು ಕೀಳುವ ಮಾತೇ ಇಲ್ಲ. ಬುಡದಿಂದ ಮತ್ತೆ ಚಿಗುರುತ್ತದೆ. ಇನ್ನಷ್ಟು ಬೇಕಿದ್ದರೆ ಗಿಣ್ಣಿರುವ ಕಡ್ಡಿ ಮುರಿದು, ನೆರಳಲ್ಲಿ, ಒದ್ದೆ ಮಣ್ಣಿಗೆ ಸುಮ್ನೆ ಚುಚ್ಚಿ. ಬಿಸಿಲಿನ ಕುಂಡದಲ್ಲಿಟ್ಟರೆ ಸೊರಗುತ್ತದೆ.

ಪುದೀನ ಬದುಕಿದೆ, ಆದರೆ ಎಲೆಯ ಅಡಿಯಲ್ಲಿ ಕಿತ್ತಳೆ ಚುಕ್ಕೆ ಕಾಣುತ್ತಾ? ತುಕ್ಕು ರೋಗ. ಚುಕ್ಕೆ ಇಲ್ಲದ ತುದಿಗಳನ್ನು ಮಾತ್ರ ಕತ್ತರಿಸಿ ನೀರಿನ ಲೋಟದಲ್ಲಿಡಿ, ಬೇರು ಬಿಟ್ಟ ಮೇಲೆ ಬೇರೆ ಜಾಗದಲ್ಲಿ ನೆಡಿ. ಹಳೇ ಪಾತಿ ಪೂರ್ತಿ ತೆಗೆದುಬಿಡಿ, ಆ ಎಲೆ ಗೊಬ್ಬರದ ಗುಂಡಿಗೂ ಬೇಡ. ದೊಡ್ಡಪತ್ರೆಯ ದಂಟು ಕೊಳೆತಿದ್ದರೂ ಚಿಂತೆಯಿಲ್ಲ, ಮೇ ತಿಂಗಳಲ್ಲೇ ಎರಡು ತುಂಡು ಕಿಟಕಿಯೊಳಗೆ ಇಟ್ಟಿದ್ದೆ.

ಕೊತ್ತಂಬರಿಗೆ ಅಕ್ಟೋಬರ್ ತನಕ ಕಾಯಿರಿ. ಧನಿಯಾವನ್ನು ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ನೇರ ಪಾತಿಗೇ ಬಿತ್ತಿ. ಕಿತ್ತು ನೆಟ್ಟರೆ ಅದಕ್ಕೆ ಆಗಿಬರುವುದಿಲ್ಲ. ಸಂಜೆ ಟಾರ್ಚ್ ಹಿಡಿದು ಬಸವನಹುಳು ಹೆಕ್ಕುವ ಕೆಲಸ ಮಾತ್ರ ತಪ್ಪುವುದಿಲ್ಲ.

ಇನ್ನು ಮಣ್ಣು. ಇಷ್ಟು ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಕಾಫಿ ತೋಟಕ್ಕೆ ಸುಣ್ಣ ಹಾಕುವುದೂ ಅದಕ್ಕೇ. ಹೊಸ ಗಿಡ ನೆಡುವ ಮುಂಚೆ ಕುಂಡಕ್ಕೂ ಒಂದು ಚಿಟಿಕೆ ಕೃಷಿ ಸುಣ್ಣ, ಚೆನ್ನಾಗಿ ಕೊಳೆತ ಕಾಫಿ ಸಿಪ್ಪೆ, ಸ್ವಲ್ಪ ಮರಳು. ಹಸಿ ಸಿಪ್ಪೆ ಬೇಡವೇ ಬೇಡ.

ಕರಿಬೇವು ಎಲ್ಲಿ ಅಂತ ಕೇಳುತ್ತೀರಿ, ಗೊತ್ತು. ಈ ಚಳಿ, ಮಂಜಿನಲ್ಲಿ ಅದು ಮೊಣಕಾಲು ದಾಟುವುದಿಲ್ಲ. ಕುಶಾಲನಗರದಲ್ಲಿ ಮಳೆ ಇಲ್ಲಿಯ ಅರ್ಧವೂ ಇಲ್ಲ, ಅಲ್ಲಿ ಅಕ್ಕನ ಮನೆ ಹಿಂದೆ ಕರಿಬೇವಿನ ಮರವೇ ಇದೆ. ಅವಳು ಸೊಪ್ಪು ಕೊಡುತ್ತಾಳೆ, ನಾನು ಮದ್ದು ಸೊಪ್ಪು ಕಳಿಸುತ್ತೇನೆ.