ವಾಡೆ ಕೆಡವುವ ಮುನ್ನ

ಎಲ್ಲರಿಗೂ ಶರಣು ಶರಣಾರ್ಥಿ.

ಹಳೇ ವಾಡೆ, ಅಂದರೆ ಹಳ್ಳಿಯ ದೊಡ್ಡಮನೆ, ಕೆಡವುತ್ತಾರೆಂದರೆ ನಮ್ಮ ಕಲಬುರಗಿ ಕಡೆ ಊರಿಗೂರೇ ಬಂದು ಕೇಳುವುದು ಒಂದೇ: ‘ನಿಧಿ ಸಿಕ್ತೇನ್ರೀ?’ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕಾಗುತ್ತದೆ, ಆಸೆ ಬಿಡಿ. ನಾನಿವತ್ತು ಹೊಟ್ಟಿನ ಬಗ್ಗೆ ಮಾತಾಡಲು ಬಂದಿದ್ದೇನೆ.

ಭೀಮಾ ದಂಡೆಯ ಊರೊಂದರಲ್ಲಿ ಅಣ್ಣತಮ್ಮಂದಿರ ಪಾಲಾದ ಮೇಲೆ ವಾಡೆ ಕೆಡವುವುದೆಂದಾಯಿತು. ಬೇಡಿಕೊಂಡ ಮೇಲೆ, ಒಂದೊಂದಾಗಿ ಬಿಚ್ಚಿ ನೋಡಿ ಬರೆದಿಟ್ಟುಕೊಳ್ಳಲು ನಮಗೆ ಎಂಟು ದಿನ ಕೊಟ್ಟರು. ಕಟ್ಟಿದವನು ಕೊನೆಗೆ ಹಾಕಿದ್ದನ್ನು ನಾವು ಮೊದಲು ತೆಗೆಯಬೇಕು: ಮಾಳಿಗೆಯ ಮಣ್ಣು, ಜಂತಿ, ತೊಲೆ, ಗೋಡೆ, ಕಟ್ಟಕಡೆಗೆ ತಳಪಾಯ. ಜೆಸಿಬಿ ಇವನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಕಲಸಿಬಿಡುತ್ತದೆ.

ಪಡಸಾಲೆಯ ಗೋಡೆಯನ್ನು ಅಂಗೈಯಗಲ ಬ್ಲೇಡಿನಿಂದ ಕೆರೆದೆವು. ಮೇಲೆ ಹಸಿರು ಡಿಸ್ಟೆಂಪರ್, ಅದರಡಿ ನೀಲಿ ಹಾಕಿದ ಸುಣ್ಣ, ಮತ್ತೆ ಬಿಳಿ, ತಳದಲ್ಲಿ ಕೆಮ್ಮಣ್ಣು. ಎಣಿಸಿದರೆ 14 ಪದರ. ಅದಕ್ಕೆ ಆತುಕೊಂಡ ಅಡ್ಡಗೋಡೆಗೆ ಐದೇ, ಅಂದರೆ ಅದು ಆಮೇಲೆ ಕಟ್ಟಿದ್ದು. ‘ಎಲ್ಲಾ ಒಮ್ಮೆಗೇ ಕಟ್ಟಿದ್ದು, ಮುನ್ನೂರು ವರ್ಷ ಆತು’ ಎನ್ನುತ್ತಿದ್ದ ಮನೆಯವರು ಸುಮ್ಮನಾದರು. ಅಡ್ಡಗೋಡೆಯ ಬುಡದ ಗಚ್ಚಿನಲ್ಲಿ ನಿಜಾಮರ ಪೈಸೆಯೊಂದು ಸಿಕ್ಕಿಕೊಂಡಿತ್ತು. ಹಿಜರಿ 1329, ಅಂದರೆ 1911. ಆ ಗೋಡೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ.

ಮಾಡದಲ್ಲಿದ್ದ ದಫ್ತರಗಳ, ಅಂದರೆ ಮೋಡಿ ಲಿಪಿಯ (ಮರಾಠಿಯ ಹಳೆಯ ಕೂಡುಬರಹ) ಮತ್ತು ಉರ್ದು ಕಾಗದಪತ್ರಗಳ, ಪಾಡು ಹೇಳುವುದಿಲ್ಲ. ನಾವು ಹೋಗುವಷ್ಟರಲ್ಲಿ ಅರ್ಧದಷ್ಟು ನೀರು ಕಾಯಿಸುವ ಹಂಡೆಯ ಒಲೆಗೆ ಹೋಗಿದ್ದವು.

ತಳಪಾಯದ ಕಲ್ಲನ್ನು ಮಗ್ಗುಲು ಹೊರಳಿಸದೆ ಬಿಡಬೇಡಿ. ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗಲೇ ಅಲ್ಲವೇ, ಮೂರ್ತಿಯ ಪೀಠ ಅಶೋಕನ ಶಾಸನದ ಕಲ್ಲೆಂದು ಗೊತ್ತಾದದ್ದು? ಮೂರ್ತಿ ಕೂರಿಸಲು ಬ್ರಾಹ್ಮಿ ಅಕ್ಷರಗಳ ನಡುವೆಯೇ ಕುಳಿ ಕೊರೆದಿದ್ದರು. ಹಳೆಯ ಕಲ್ಲು ಹೊಸ ಕೆಲಸಕ್ಕೆ ಬರುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ.

ಇನ್ನು ಹಗೇವು, ಅಂದರೆ ನೆಲದಡಿ ಕಾಳು ತುಂಬಿಡುವ ಗುಂಡಿ. ಹಿತ್ತಲಲ್ಲಿ ಫರ್ಸಿ ಕಲ್ಲು ಎತ್ತಿದರೆ ಒಬ್ಬನೇ ಇಳಿಯುವಷ್ಟು ಬಾಯಿ, ಒಳಗೆ ದೊಡ್ಡ ಹೊಟ್ಟೆ. ನಮ್ಮ ಹುಡುಗನೊಬ್ಬ ಕಾಲು ಇಳಿಬಿಟ್ಟೇಬಿಟ್ಟಿದ್ದ. ಮನೆಯ ಹಿರಿಯ ಅವ್ವ ಕೂಗಿದರು: ‘ಏ ತಮ್ಮಾ, ಮೊದಲ ಕಂದೀಲು ಬಿಡು. ಕಂದೀಲು ಆರಿದ್ರ ನೀನೂ ಆರ್ತಿ.’ ಹಗ್ಗ ಕಟ್ಟಿ ಇಳಿಸಿದೆವು, ಮೊಳ ಎರಡು ಮೊಳ ಹೋಗುವಷ್ಟರಲ್ಲಿ ಆರಿತು. ಮುಚ್ಚಿಟ್ಟ ಕಾಳು ಕೆಟ್ಟ ಗಾಳಿ ಬಿಡುತ್ತದೆ, ಅದು ತಳದಲ್ಲೇ ಕೂತಿರುತ್ತದೆ. ಇಡೀ ದಿನ ಬಾಯಿ ತೆರೆದಿಟ್ಟು, ಮರುದಿನ ಮತ್ತೆ ಕಂದೀಲು ಬಿಟ್ಟು, ಅದು ಉರಿದ ಮೇಲೇ ಇಳಿದದ್ದು. ನನ್ನ ಓದಿನಲ್ಲಿ ಎಲ್ಲೂ ಈ ಪಾಠ ಇರಲಿಲ್ಲ.

ತಳದಲ್ಲಿ ಮೊಣಕಾಲುದ್ದ ಹೊಟ್ಟು. ‘ಅದರಾಗ ಏನದ ರೀ ಸರ್?’ ಅಂದ ಗುತ್ತಿಗೆದಾರ. ಜರಡಿ ಹಿಡಿದೆವು: ಕಪ್ಪಾದ ಜೋಳ, ಕುಸುಬೆ ಸಿಪ್ಪೆ, ಸುತ್ತ ಹಾಸಿದ್ದ ಕಣಿಕೆ (ಜೋಳದ ದಂಟು), ಒಂದು ಹಸಿರು ಬಳೆಚೂರು. ಆ ಮನೆ ಏನುಂಡಿತೆಂದು ದಫ್ತರ ಹೇಳುವುದಿಲ್ಲ, ಇದು ಹೇಳುತ್ತದೆ.

ಎಂಟು ದಿನವೆಂದವರು ಆರನೇ ದಿನಕ್ಕೇ ಯಂತ್ರ ತಂದರು. ಎರಡು ಚೀಲ ಹೊರಗೆ ಬಂದಿತ್ತು, ಉಳಿದದ್ದು ಈಗ ಅಂಗಡಿಮಳಿಗೆಯ ಕೆಳಗಿದೆ. ಚೀಲದ ಹೊಟ್ಟು ಹೊರಗೆ ಮೇಜಿನ ಮೇಲೆ ತಟ್ಟೆಯಲ್ಲಿಟ್ಟಿದ್ದೇನೆ. ಚಹಾಕ್ಕೆ ಹೋಗುವಾಗ ನೋಡಿ, ಫ್ಯಾನ್ ಮಾತ್ರ ಹಾಕಬೇಡಿ.