ನಾಲ್ಕು ಫ್ಯಾನ್ ತಿರುಗಿದರೂ ಗೋದಾಮಿನಲ್ಲಿ ಗಾಳಿ ಯಾಕಿಲ್ಲ?

[ದೃಶ್ಯ: ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶ. ಸೂರಿನವರೆಗೂ ತೊಗರಿ ಚೀಲ ಒಟ್ಟಿದ ಗೋದಾಮು. ಫ್ಯಾನುಗಳ ಸದ್ದು.]

ಈ ಸದ್ದು ಕೇಳಿಸುತ್ತಿದೆಯಾ? ನಾಲ್ಕು ಎಕ್ಸಾಸ್ಟ್ ಫ್ಯಾನು, ಒಂದೊಂದೂ ಎರಡು ಅಡಿ ಅಗಲ. ಇಷ್ಟೆಲ್ಲ ಗದ್ದಲ ಮಾಡಿಯೂ ಹಿಂದಿನ ತುದಿಯಲ್ಲಿ ಚೀಲ ಹೊರುವ ಹಮಾಲರ ಅಂಗಿ ಮೈಗೆ ಅಂಟಿಕೊಂಡಿದೆ. ಗೋದಾಮಿನ ಮಾಲೀಕರು ನಮ್ಮ ವೀಕ್ಷಕರು. ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಸರ, ಇನ್ನೆರಡು ಫ್ಯಾನ್ ಹಾಕಿಸಲೇನ್ರಿ?"

ಬ್ಯಾಡ್ರಿ ಅಣ್ಣಾ. ಮೊದಲು ಹತ್ತು ರೂಪಾಯಿಯ ಊದಿನಕಡ್ಡಿ ತರಿಸಿ.

[ದೃಶ್ಯ: ಕೈಯಲ್ಲಿ ಉರಿಯುವ ಊದಿನಕಡ್ಡಿ. ಹೊಗೆಯ ಕ್ಲೋಸಪ್.]

ಫ್ಯಾನಿನಿಂದ ಒಂದು ಅಡಿ ದೂರದಲ್ಲಿ ಹಿಡಿದೆ. ಹೊಗೆ ಸರ್ರನೆ ಒಳಗೆ ಹೋಯಿತು. ಎರಡು ಹೆಜ್ಜೆ ಹಿಂದೆ ಬಂದೆ, ಸುಮ್ನೆ ಸ್ವಲ್ಪ ಬಾಗಿತು. ಏಳೆಂಟು ಹೆಜ್ಜೆ ಹಿಂದೆ ಬಂದೆ. ದೇವರ ಮನೆಯಲ್ಲಿ ಏಳುವ ಹಾಗೆ ನೆಟ್ಟಗೆ ಮೇಲಕ್ಕೆ! ಅಲ್ಲೇ ಕೂತಿದ್ದ ಹಮಾಲರೊಬ್ಬರು ಕೇಳಿದರು: "ಏನ್ರಿ ಸರ, ಫ್ಯಾನಿಗೆ ಪೂಜಿ ಮಾಡ್ಲಿಕತ್ತೀರೇನು?"

ಈಗ ನನಗೆ ಬಹಳ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಒಂದು ದೀಪ ಹಚ್ಚಿ. ಒಂದು ಮೊಳ ದೂರದಿಂದ ಊದಿ, ಆರುತ್ತದೆ. ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸಿ ನೋಡೋಣ. ಎದೆ ಒಡೆಯುವಷ್ಟು ಎಳೆದರೂ ಆರುವುದಿಲ್ಲ. ಬಾಯಿ ಅದೇ, ಶ್ವಾಸಕೋಶ ಅದೇ. ಊದಿದಾಗ ಗಾಳಿ ಒಂದೇ ದಿಕ್ಕಿಗೆ ಕಟ್ಟು ಕಟ್ಟಾಗಿ ಹೋಗುತ್ತದೆ. ಎಳೆದಾಗ ಮುಂದಿನಿಂದ, ಪಕ್ಕದಿಂದ, ಗಲ್ಲದ ಕೆಳಗಿನಿಂದ, ಎಲ್ಲ ಕಡೆಯಿಂದಲೂ ಬರುತ್ತದೆ. ಅದಕ್ಕೇ ಒಲೆಯ ಮುಂದೆ ಕೂತ ನಮ್ಮಜ್ಜಿ ಕೈಯಲ್ಲಿ ಇದ್ದದ್ದು ಊದುಗೊಳವೆ. ಎಳೆಯುವ ಕೊಳವೆಯನ್ನು ಯಾರಾದರೂ ನೋಡಿದ್ದೀರಾ?

ಇದಕ್ಕೊಂದು ಹಳೆಯ ಲೆಕ್ಕವೂ ಇದೆ. ಫ್ಯಾನ್ ಊದುವ ಕಡೆ, ಅದರ ಅಗಲದ ಸುಮಾರು 30 ಪಟ್ಟು ದೂರ ಹೋದ ಮೇಲೆ ಗಾಳಿಯ ವೇಗ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಳೆಯುವ ಕಡೆ? ಅಗಲದ ಒಂದೇ ಪಟ್ಟು! ಅಂದರೆ ಈ ಎರಡು ಅಡಿ ಫ್ಯಾನು ಊದಿದರೆ 60 ಅಡಿ ದೂರದಲ್ಲೂ ಒಂದಿಷ್ಟು ಗಾಳಿ ಸಿಗುತ್ತದೆ. ಎಳೆದರೆ ಎರಡೇ ಅಡಿಗೆ ಅದರ ಆಟ ಮುಗಿಯಿತು. ಇದನ್ನು ಮೊದಲ ಸಲ ಓದಿದಾಗ ನಾನು ನಂಬಲಿಲ್ಲ. ರಾತ್ರಿ ಮನೆಯಲ್ಲಿ ದೀಪ ಹಿಡಿದು ಕೂತು, ಹೆಂಡತಿಯ ಕೈಲಿ ಬೈಸಿಕೊಂಡ ಮೇಲೆ ನಂಬಿಕೆ ಬಂತು.

ಹಾಗಾದರೆ ಎಕ್ಸಾಸ್ಟ್ ಫ್ಯಾನ್ ದಂಡವಾ? ಅಲ್ಲ. ಅದು ಹೊರಗೆ ಹಾಕಿದಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಎಲ್ಲಿಂದ ಬರಬೇಕು ಅನ್ನೋದು ನಮ್ಮ ಕೈಯಲ್ಲಿದೆ. ಇಲ್ಲಿ ಎಡವಟ್ಟಾಗಿದ್ದು ಅಲ್ಲೇ.

[ದೃಶ್ಯ: ಮುಂದಿನ ಗೋಡೆ. ಕೆಳಗೆ ತೆರೆದ ಶೆಟರ್, ಅದರ ಮೇಲೇ ಫ್ಯಾನುಗಳು.]

ನಾಲ್ಕೂ ಫ್ಯಾನು ಶೆಟರಿನ ಮೇಲೇ ಇವೆ. ಯಾಕೆ ಎಂದು ಕೇಳಿದೆ. "ಕರೆಂಟ್ ಬೋರ್ಡ್ ಇಲ್ಲೇ ಅದರಿ, ವಾಯರ್ ಉಳೀತು." ವಾಯರ್ ಉಳಿಯಿತು, ಗಾಳಿ ಹೋಯಿತು. ಶೆಟರಿನಿಂದ ಬಂದ ಗಾಳಿ ಹತ್ತಡಿ ಒಳಗೂ ಬಾರದೆ ಮೇಲೆ ಹತ್ತಿ ಫ್ಯಾನಿನಿಂದ ಹೊರಗೆ. ಬಾಗಿಲಲ್ಲೇ ಚಹಾ ಕುಡಿದು ವಾಪಸ್ ಹೋಗುವ ನೆಂಟರ ಹಾಗೆ. ಹಿಂದಿನ ಗೋಡೆಯಲ್ಲಿ ಕಿಟಕಿಗಳಿವೆ, ಆದರೆ ಚೀಲಗಳ ಹಿಂದೆ ಮುಚ್ಚಿಹೋಗಿವೆ.

ನಾವು ಹೊಸದೇನೂ ಕೊಳ್ಳಲಿಲ್ಲ. ಹಿಂದೆ ಒಟ್ಟಿದ ಚೀಲಗಳ ಥಪ್ಪಿಯನ್ನು ಗೋಡೆಯಿಂದ ಎರಡೂವರೆ ಅಡಿ ಸರಿಸಿ ಕಿಟಕಿ ತೆರೆಸಿದೆವು. ಮುಂದಿನ ಶೆಟರ್ ಇಳಿಸಿದೆವು. ಈಗ ಗಾಳಿಗೆ ಬೇರೆ ದಾರಿಯೇ ಇಲ್ಲ, ಹಿಂದಿನಿಂದ ಮುಂದಕ್ಕೆ ಇಡೀ ಗೋದಾಮು ದಾಟಿಯೇ ಹೋಗಬೇಕು. ಊದಿನಕಡ್ಡಿ ಹಚ್ಚಿದೆ. ಹೊಗೆ ಮೆಲ್ಲಗೆ ಫ್ಯಾನಿನ ಕಡೆ ವಾಲಿತು.

ಮೆಲ್ಲಗೆ ಅಂದೆ. ಎಷ್ಟು ಮೆಲ್ಲಗೆ? ಗೋದಾಮು 100 ಅಡಿ ಉದ್ದ, 50 ಅಡಿ ಅಗಲ, 20 ಅಡಿ ಎತ್ತರ. ಒಟ್ಟು 1 ಲಕ್ಷ ಘನ ಅಡಿ. ಒಂದು ಫ್ಯಾನು ನಿಮಿಷಕ್ಕೆ 5,000 ಘನ ಅಡಿ ಅಂತ ಹಿಡಿಯಿರಿ, ನಾಲ್ಕಕ್ಕೆ 20,000. ಐದು ನಿಮಿಷಕ್ಕೊಮ್ಮೆ ಪೂರ್ತಿ ಗಾಳಿ ಬದಲಾದ ಹಾಗೆ. ಚೆನ್ನಾಗಿದೆ ಅಲ್ವಾ? ಆದರೆ ಆ ಗಾಳಿ ನಡೆಯುವ ವೇಗ ನಿಮಿಷಕ್ಕೆ 20 ಅಡಿ ಮಾತ್ರ. ಅಂಬೆಗಾಲಿಡುವ ಮಗುವೂ ಇದಕ್ಕಿಂತ ಬೇಗ ಹೋಗುತ್ತದೆ! ಕೆಟ್ಟ ಗಾಳಿ ಹೊರಗೆ ಹೋಗುತ್ತದೆ, ಬೆವರು ಆರುವುದಿಲ್ಲ.

ಬೆವರು ಆರಬೇಕಾದರೆ ಊದುವ ಫ್ಯಾನೇ ಬೇಕು. ದೊಡ್ಡ ಸ್ಟ್ಯಾಂಡ್ ಫ್ಯಾನು ಅಥವಾ ಗೋಡೆ ಫ್ಯಾನು, ಥಪ್ಪಿಗಳ ನಡುವಿನ ಓಣಿಯುದ್ದಕ್ಕೂ ಊದುವ ಹಾಗೆ. ಎಲ್ಲದರ ಮುಖವೂ ಎಕ್ಸಾಸ್ಟ್ ಕಡೆಗೇ ಇರಲಿ. ಒಂದು ತಳ್ಳಿದ್ದನ್ನು ಇನ್ನೊಂದು ಮುಂದಕ್ಕೆ ತಳ್ಳಬೇಕು. ಎದುರುಬದುರು ಇಟ್ಟರೆ ಎರಡೂ ಜಗಳಾಡುತ್ತವೆ, ಬಿಲ್ ನಿಮಗೆ. ಹೊರಗಿನ ಗಾಳಿಯ ದಿಕ್ಕನ್ನೂ ನೋಡಿ. ಮಳೆಗಾಲದಲ್ಲಿ ನಮ್ಮಲ್ಲಿ ಪಡುವಣ ಗಾಳಿ. ಪಶ್ಚಿಮಕ್ಕೆ ಎಕ್ಸಾಸ್ಟ್ ಕೂರಿಸಿದರೆ ಫ್ಯಾನು ಗಾಳಿಗೆ ಎದುರು ಈಜಬೇಕು. ಕಣದಲ್ಲಿ ರಾಶಿ ತೂರುವ ರೈತ ಹಾಗೆ ಮಾಡಿದರೆ ಹೊಟ್ಟೆಲ್ಲ ಮುಖಕ್ಕೆ!

[ದೃಶ್ಯ: ಗೋಡೆಯ ಥರ್ಮಾಮೀಟರ್, 42 ಡಿಗ್ರಿ.]

ಕಲಬುರಗಿಯ ಮೇ ತಿಂಗಳ ಮಾತು ಬೇರೆ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರು ಆರಿಸುತ್ತದೆ ಅಷ್ಟೇ. 40 ಡಿಗ್ರಿ ದಾಟಿದರೆ ಫ್ಯಾನ್ ಗಾಳಿಯೇ ಮೈಯನ್ನು ಬಿಸಿ ಮಾಡುತ್ತದೆ, ಬಳಸಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಎಕ್ಸಾಸ್ಟನ್ನು ರಾತ್ರಿಯಿಂದ ಬೆಳಗಿನ ಜಾವದವರೆಗೆ ಓಡಿಸಿ, ಫರಸಿ ನೆಲ, ಗೋಡೆ ಎಲ್ಲ ತಣ್ಣಗಾಗಲಿ. ಮಧ್ಯಾಹ್ನ ಹೊರಗಿನ ಬಿಸಿ ಗಾಳಿಯನ್ನು ಎಳೆದು ತರಬೇಡಿ. ಭಾರದ ಕೆಲಸ ಬೆಳಿಗ್ಗೆಯೇ ಮುಗಿಯಲಿ. ಇದು ಮಾಲೀಕರಿಗೆ ಹೇಳುವ ಮಾತು, ಹಮಾಲರಿಗೆ ಗೊತ್ತೇ ಇದೆ.

ಟೈಮ್ ಮುಗಿಯುತ್ತಾ ಬಂತು, ಉಳಿದದ್ದು ಓಡುತ್ತಾ ಹೇಳುತ್ತೇನೆ. ತಗಡಿನ ಕೆಳಗೆ ಬಿಸಿ ಗಾಳಿ ನಿಲ್ಲುತ್ತದೆ, ಎಕ್ಸಾಸ್ಟ್ ಎತ್ತರದಲ್ಲಿರಲಿ, ಗಾಳಿ ಬರುವ ಕಿಂಡಿ ಕೆಳಗೆ ಇರಲಿ. ಫ್ಯಾನ್ ತಿರುಗುವ ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಕರೆಂಟ್ ಮಾತ್ರ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಹಳೆ ರೆಗ್ಯುಲೇಟರಿನಲ್ಲಿ ಇಷ್ಟು ಉಳಿತಾಯ ಸಿಗದು, ವೇಗ ಬದಲಿಸುವ ಡ್ರೈವ್ ಬೇಕು. ದಾಲ್ ಮಿಲ್ ಪಕ್ಕದಲ್ಲಿದ್ದರೆ ಧೂಳು ಒಳಗೆ ಹೋಗದ ಮುಚ್ಚಿದ ಮೋಟರೇ ಹಾಕಿ, ಕಾಳಿನ ಧೂಳಿಗೆ ಕಿಡಿ ತಗುಲಿದರೆ ಸ್ಫೋಟವಾಗಬಹುದು. ಹೊರಗೆ ಮಳೆ ಹಿಡಿದಿರುವಾಗ ಫ್ಯಾನ್ ಬಂದ್, ಇಲ್ಲದಿದ್ದರೆ ತೊಗರಿಗೆ ತೇವ ಎಳೆದು ತಂದ ಹಾಗೆ. ಹುಳದ ಔಷಧದ ಹೊಗೆ ಹಾಕಿದಾಗ ಗೋದಾಮಿನೊಳಗೆ ಯಾರೂ ಕಾಲಿಡಬೇಡಿ. ಆ ಗ್ಯಾಸ್ ಮನುಷ್ಯರನ್ನೂ ಕೊಲ್ಲುತ್ತದೆ. ತಿಳಿದವರು ಬಂದು ಗಾಳಿಯಾಡಿಸಿ, ಪರೀಕ್ಷಿಸಿ, ಹೂಂ ಅನ್ನಲಿ.

ನಿಮ್ಮ ಗೋದಾಮಿನಲ್ಲೂ ಊದಿನಕಡ್ಡಿ ಹಚ್ಚಿ, ಹೊಗೆ ಯಾವ ಕಡೆ ಹೋಯಿತು ಅಂತ ವಿಡಿಯೋ ಮಾಡಿ ಕಳಿಸಿ. ಚೀಲಗಳಿಂದ ದೂರ ಹಿಡಿಯಿರಿ ಮಾರಾಯರೇ, ಗೋಣಿಚೀಲಕ್ಕೆ ಕಿಡಿ ಬಿದ್ದರೆ ನನಗೆ ಫೋನ್ ಮಾಡಬೇಡಿ.